ಒಂಟಿ ಓಟ, ಸಂತೆಯ ಓಟ

ಹಗಲೆಲ್ಲ ತರಗತಿಯಲ್ಲಿ ಪಂಪ ರನ್ನರನ್ನು ಪಾಠ ಹೇಳುವ ಮೇಷ್ಟ್ರೊಬ್ಬ ರಾತ್ರಿ ಊಟವಾದ ಮೇಲೆ ಟೆಲಿವಿಷನ್ನಿನ ಮುಂದೆ ಕುಳಿತು ಕಾರು ಓಡಿಸುವ ವಿಡಿಯೋ ಗೇಮ್ ಆಡುತ್ತಾನೆಂದರೆ ನಂಬುವವರು ಕಡಿಮೆ; ನಂಬಿದ ಮೇಲೂ ಅವನಲ್ಲಿ ಗೌರವ ಉಳಿಸಿಕೊಳ್ಳುವವರು ಇನ್ನೂ ಕಡಿಮೆ. ನಿಜವಾದ ರಸ್ತೆಯಲ್ಲಿ ನಾನು ಗಂಟೆಗೆ ನಲವತ್ತು ಕಿಲೋಮೀಟರು ಮೀರಿದವನಲ್ಲ. ಆಟೋರಿಕ್ಷಾಗಳು ಕೂಡ ನನ್ನನ್ನು ಕರುಣೆಯಿಂದ ನೋಡಿ ದಾಟಿಹೋಗುತ್ತವೆ. ಆ ಕೊರತೆಯನ್ನು ಪರದೆಯ ಮೇಲೆ ತೀರಿಸಿಕೊಳ್ಳುತ್ತಿದ್ದೇನೆಂದು ನನ್ನ ಹೆಂಡತಿಯ ಅಭಿಪ್ರಾಯ. ಇರಬಹುದು. ಮನುಷ್ಯನ ಹವ್ಯಾಸಗಳ ಮೂಲವನ್ನು ಹೆಂಡತಿಯಷ್ಟು ಬಲ್ಲವರು ಯಾರು?

ಈ ಆಟಗಳನ್ನು ಆಡುವವರಲ್ಲಿ ಎರಡು ಪಂಗಡಗಳಿವೆ. ಒಂದು, ಬಾಗಿಲು ಹಾಕಿಕೊಂಡು ಯಂತ್ರದೊಡನೆ ಒಬ್ಬರೇ ಆಡುವವರದು. ಇನ್ನೊಂದು, ಇಂಟರ್‌ನೆಟ್ಟಿನ ಮೂಲಕ ದೇಶಾಂತರಗಳಲ್ಲಿ ಕುಳಿತ ನಿಜವಾದ ಮನುಷ್ಯರೊಡನೆ ಪಂದ್ಯ ಕಟ್ಟುವವರದು. ಮೊದಲನೆಯವರು ಎರಡನೆಯವರನ್ನು ಪುಂಡರೆನ್ನುತ್ತಾರೆ. ಎರಡನೆಯವರು ಮೊದಲನೆಯವರನ್ನು ಪುಕ್ಕಲರೆನ್ನುತ್ತಾರೆ. ಆಟ ಮಾಡುವ ಕಂಪನಿಗಳು ಈ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸಬೇಕು. ಆ ಬಡಿಸುವಿಕೆ ಸುಲಭವಲ್ಲ ಎಂಬುದನ್ನು ನಾನು ಎರಡೂ ಪಂಗಡಗಳಲ್ಲಿ ಒಂದೊಂದು ಕಾಲಿಟ್ಟು ಕಂಡುಕೊಂಡಿದ್ದೇನೆ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಗ್ರ್ಯಾನ್ ಟ್ಯೂರಿಸ್ಮೊ’ ಎಂಬ ಆಟ ಹೊರಬಂತು. ಅದರ ಕರ್ತೃ ಕಜುನೋರಿ ಯಮಾವುಚಿ ಎಂಬಾತ. ಸಿಂಗಪುರದಲ್ಲಿದ್ದ ಚಿಕ್ಕಪ್ಪನ ದಯೆಯಿಂದ ಒಂದೆರಡು ವರ್ಷಗಳ ಮೇಲೆ ಅದು ನಮ್ಮ ಮನೆಗೂ ಬಂತು. ಆಗ ನಾನು ಎಂ.ಎ. ವಿದ್ಯಾರ್ಥಿ. ಆ ಆಟದ ಸ್ವಭಾವ ಗುರುಕುಲದ್ದು. ಬಂದವನೇ ಪಂದ್ಯಕ್ಕೆ ಇಳಿಯುವಂತಿಲ್ಲ. ಮೊದಲು ಲೈಸೆನ್ಸಿನ ಪರೀಕ್ಷೆ. ಹೊರಟು ಗೆರೆಯೊಳಗೆ ನಿಲ್ಲಿಸು, ಈ ಒಂದು ತಿರುವನ್ನು ಇಷ್ಟು ಸೆಕೆಂಡಿನಲ್ಲಿ ದಾಟು, ತಪ್ಪಿದರೆ ಮತ್ತೆ. ಪರೀಕ್ಷೆ ಮುಗಿಸಿ, ಕೈಯಲ್ಲಿರುವ ಅಲ್ಪ ಹಣದಲ್ಲಿ ಹಳೆಯದೊಂದು ಕಾರು ಕೊಂಡು, ಸಣ್ಣ ಪಂದ್ಯ ಗೆದ್ದು, ಆ ಹಣದಿಂದ ಎಂಜಿನ್ನಿಗೆ ಬಲ ತುಂಬಿ, ದೊಡ್ಡ ಪಂದ್ಯಕ್ಕೆ ಹೋಗಬೇಕು. ಬಡವ ಹೊಲ ಮಾಡಿಕೊಂಡ ಕಥೆಯಂತೆ. ಇದರಲ್ಲಿ ನೋಡುವವರಿಲ್ಲ, ನಗುವವರಿಲ್ಲ. ಒಂದೇ ತಿರುವಿನಲ್ಲಿ ಐವತ್ತು ಸಲ ಗೋಡೆಗೆ ಗುದ್ದಬಹುದು. ನಾಚಿಕೆಯಿಲ್ಲದೆ ಕಲಿಯುವ ಸ್ಥಳಗಳು ಲೋಕದಲ್ಲಿ ಎಷ್ಟಿವೆ? ಮೇಷ್ಟ್ರಾದವನು ಇದನ್ನು ಯೋಚಿಸಬೇಕು. ನನ್ನ ತರಗತಿಯಲ್ಲಿ ತಪ್ಪು ಓದಿದ ಹುಡುಗನ ಕಿವಿ ಕೆಂಪಾಗುವುದನ್ನು ನಾನು ಕಂಡಿದ್ದೇನೆ. ಈ ಆಟದ ಕೋಣೆಯಲ್ಲಿ ಯಾರ ಕಿವಿಯೂ ಕೆಂಪಾಗುವುದಿಲ್ಲ.

ಒಂಟಿ ಓಟಕ್ಕೂ ಕೂಡಿ ಓಡುವುದಕ್ಕೂ ನಡುವೆ ಒಂದು ಸೇತುವೆಯುಂಟು. ಅದರ ಹೆಸರು ‘ಗೋಸ್ಟ್’, ಎಂದರೆ ಭೂತ. ನೀವು ಓಡಿದ ಒಂದು ಸುತ್ತನ್ನು ಯಂತ್ರ ನೆನಪಿಟ್ಟುಕೊಂಡು, ಮುಂದಿನ ಸಲ ಮಂಜಿನಂಥ ಕಾರಿನ ರೂಪದಲ್ಲಿ ನಿಮ್ಮ ಪಕ್ಕದಲ್ಲೇ ಓಡಿಸುತ್ತದೆ. ಅದಕ್ಕೆ ಡಿಕ್ಕಿ ಹೊಡೆಯಲಾಗದು, ದಾರಿ ತಡೆಯಲಾಗದು. ನಿನ್ನೆಯ ನನ್ನೊಡನೆ ಇಂದಿನ ನಾನು ಓಡಬೇಕು. 1996ರ ‘ಮಾರಿಯೋ ಕಾರ್ಟ್ 64’ರಲ್ಲಿ ಈ ಭೂತವನ್ನು ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ತುಂಬಿ ಜೇಬಿನಲ್ಲಿಟ್ಟುಕೊಂಡು ಗೆಳೆಯನ ಮನೆಗೆ ಒಯ್ಯಬಹುದಾಗಿತ್ತು. ನಾನಿಲ್ಲದ ಹೊತ್ತಿನಲ್ಲಿ ನನ್ನ ಭೂತದೊಡನೆ ಅವನು ಸೆಣಸಬಹುದಾಗಿತ್ತು. ಇಂಟರ್‌ನೆಟ್ಟಿನ ಓಟಕ್ಕೆ ಇದೇ ಅಂಕುರವೆಂದರೂ ಸಲ್ಲುತ್ತದೆ.

ಇನ್ನು ಕೂಡಿ ಓಡುವ ಮಾತು. ನನಗೊಬ್ಬ ತಮ್ಮನಿದ್ದಾನೆ. ಆ ಕಾಲದಲ್ಲಿ ಒಂದೇ ಪರದೆಯನ್ನು ಎರಡು ಭಾಗ ಮಾಡಿಕೊಂಡು, ಒಂದೇ ಚಾಪೆಯ ಮೇಲೆ ಕುಳಿತು, ಮೊಣಕೈಯಿಂದ ತಿವಿದುಕೊಂಡು ಆಡುತ್ತಿದ್ದೆವು. ಈಗ ಅವನು ಟೊರಾಂಟೊದಲ್ಲಿದ್ದಾನೆ. ನಮ್ಮ ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಯನ್ನು ಮಾರುವ ವಿಷಯದಲ್ಲಿ ನಮ್ಮಿಬ್ಬರ ಮಾತು ಬಿಗಿಯಾಯಿತು. ಜಗಳವೆಂದು ಹೇಳುವಂತಿಲ್ಲ, ಫೋನಿನಲ್ಲಿ ಹವೆ, ಆರೋಗ್ಯ, ಮಕ್ಕಳ ಪರೀಕ್ಷೆ, ಇಷ್ಟಕ್ಕೆ ಮಾತು ಮುಗಿಯುತ್ತಿತ್ತು. ಹೀಗಿರುವಾಗ ಅವನೇ ಒಂದು ದಿನ, “ಭಾನುವಾರ ಬೆಳಿಗ್ಗೆ ಏಳಕ್ಕೆ ಬಾ, ಓಡೋಣ” ಎಂದ. ಬೇಸಗೆಯಲ್ಲಿ ನಮ್ಮ ಭಾನುವಾರದ ಏಳು ಗಂಟೆಗೆ ಅವನಿಗೆ ಶನಿವಾರ ರಾತ್ರಿ ಒಂಬತ್ತೂವರೆ. ಅಂದಿನಿಂದ ಪ್ರತಿವಾರ ಓಡುತ್ತಿದ್ದೇವೆ. ಮೊದಲ ವಾರಗಳಲ್ಲಿ “ಬ್ರೇಕ್ ಹಾಕೋ”, “ದಾರಿ ಬಿಡೋ” ಎಂಬುದಕ್ಕಿಂತ ಹೆಚ್ಚು ಮಾತಿರಲಿಲ್ಲ. ಐದನೆಯ ವಾರವೋ ಆರನೆಯದೋ, ಉದ್ದನೆಯ ನೇರ ರಸ್ತೆಯಲ್ಲಿ ಹೋಗುತ್ತಿದ್ದಾಗ ಅವನು, “ಅಟ್ಟದ ಮೇಲಿದ್ದ ಅಪ್ಪನ ಟ್ರಂಕು ಏನಾಯಿತು?” ಎಂದು ಕೇಳಿದ. “ನನ್ನ ಹತ್ತಿರ ಇದೆ” ಎಂದೆ. ಮುಂದೆ ತಿರುವು ಬಂತು, ಇಬ್ಬರೂ ಸುಮ್ಮನಾದೆವು. ಎದುರುಬದುರು ಕುಳಿತಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ. ಕಣ್ಣು ರಸ್ತೆಯ ಮೇಲಿದ್ದಾಗ ಬಾಯಿಗೆ ಧೈರ್ಯ ಬರುತ್ತದೆ.

ಆದರೆ ಕೂಡಿ ಓಡುವುದರ ಕಷ್ಟಗಳನ್ನೂ ಹೇಳಬೇಕು. ಗಂಟೆಗೆ ಇನ್ನೂರು ಕಿಲೋಮೀಟರು ಓಡುವ ಕಾರು ಸೆಕೆಂಡಿಗೆ ಐವತ್ತೈದು ಮೀಟರು ಸಾಗುತ್ತದೆ. ಸುದ್ದಿ ಸಮುದ್ರ ದಾಟಿ ಬರಲು ಸೆಕೆಂಡಿನ ಹತ್ತರಲ್ಲೊಂದು ಭಾಗ ಹಿಡಿದರೂ, ನನಗೆ ತಮ್ಮನ ಕಾರು ಕಾಣುವ ವೇಳೆಗೆ ಅದು ಐದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆದ್ದರಿಂದ ಯಂತ್ರ ಊಹೆಮಾಡಿ ಚಿತ್ರ ಬರೆಯುತ್ತದೆ. ಊಹೆ ತಪ್ಪಿದರೆ ಮುಟ್ಟದ ಕಾರು ಮುಟ್ಟಿದಂತಾಗುತ್ತದೆ. ಇದು ಸ್ನೇಹದಲ್ಲಿ ನಗುವ ವಿಷಯ. ಅಪರಿಚಿತರ ನಡುವೆ ಜಗಳದ ವಿಷಯ. ಅಪರಿಚಿತರ ಪಂದ್ಯದಲ್ಲಿ ಮೊದಲ ತಿರುವೆಂದರೆ ಜಾತ್ರೆಯ ದಿನದ ಬಸ್ಸಿನ ಬಾಗಿಲು. ತಾಳ್ಮೆಯಿಂದ ಬ್ರೇಕ್ ಹಾಕಿದವನೇ ಹಿಂದಿನವರಿಂದ ಹೊಡೆಸಿಕೊಂಡು ಹುಲ್ಲಿನ ಮೇಲೆ ಹೋಗಿ ಬೀಳುತ್ತಾನೆ.

ಇದನ್ನೆಲ್ಲ ಸರಿಪಡಿಸುವ ಹಟದಿಂದ ಬಂದದ್ದು 2017ರ ಅಕ್ಟೋಬರಿನ ‘ಗ್ರ್ಯಾನ್ ಟ್ಯೂರಿಸ್ಮೊ ಸ್ಪೋರ್ಟ್’. ಅದರಲ್ಲಿ ಆಟಗಾರನಿಗೆ ಎರಡು ಅಂಕಗಳು: ಒಂದು ವೇಗಕ್ಕೆ, ಇನ್ನೊಂದು ನಡತೆಗೆ. ಪಂದ್ಯಕ್ಕೆ ಇಳಿಯುವ ಮೊದಲು ಸಭ್ಯತೆಯ ಬಗ್ಗೆ ಎರಡು ಚಿತ್ರಗಳನ್ನು ನೋಡಲೇಬೇಕು. ನಡತೆಗೆ ಅಂಕ ಕೊಡುವ ವಿದ್ಯಾಲಯಗಳು ಕಡಿಮೆಯಾಗಿರುವ ಈ ಕಾಲದಲ್ಲಿ ಒಂದು ಆಟ ಆ ಕೆಲಸ ಮಾಡಿದ್ದು ನನಗೆ ಸಂತೋಷವನ್ನೇ ಕೊಟ್ಟಿತು. ಆದರೆ ಸಂತೆಯನ್ನು ಶೃಂಗರಿಸುವ ಭರದಲ್ಲಿ ಗುರುಕುಲವನ್ನು ಬರಿದುಮಾಡಿದ್ದರು. ಹಳೆಯ ಕಾರು ಕೊಂಡು ಮೇಲೇರುವ ಆ ದೀರ್ಘವಾದ ಒಂಟಿ ಯಾತ್ರೆ ಅದರಲ್ಲಿ ಇರಲಿಲ್ಲ. ಆಟಗಾರರು ಗೊಣಗಿದರು. ಅದೇ ಡಿಸೆಂಬರಿನಲ್ಲಿ ಒಬ್ಬರೇ ಆಡುವ ಲೀಗ್ ಒಂದನ್ನು ತಂದು ಸೇರಿಸಿದರು.

ಆ ಸಮತೋಲ ಕಷ್ಟವೇಕೆಂದರೆ, ಏಕಾಂತದಲ್ಲಿ ಬಹುಮಾನವಾದದ್ದೇ ಸಮೂಹದಲ್ಲಿ ಅನ್ಯಾಯವಾಗುತ್ತದೆ. ತಿಂಗಳುಗಟ್ಟಲೆ ದುಡಿದು ಬಲಿಷ್ಠವಾದ ಕಾರು ಸಂಪಾದಿಸಿದವನಿಗೆ ಅದು ಶ್ರಮದ ಫಲ. ಅದನ್ನೇ ಹೊಸಬನ ಎದುರು ತಂದು ನಿಲ್ಲಿಸಿದರೆ ಉಳ್ಳವನ ದರ್ಪ. ಆದ್ದರಿಂದ ಕೂಡಿ ಓಡುವಾಗ ಬಲವನ್ನು ಕುಗ್ಗಿಸಿ, ತೂಕವನ್ನು ಏರಿಸಿ, ಕಾರುಗಳನ್ನು ಸರಿಸಮ ಮಾಡುತ್ತಾರೆ. ಆಗ ದುಡಿದವನು, “ಹಾಗಾದರೆ ನಾನು ದುಡಿದದ್ದೇಕೆ?” ಎನ್ನುತ್ತಾನೆ. ನಮ್ಮ ಕರಾವಳಿಯ ಕಂಬಳದವರು ಈ ತೊಡಕನ್ನು ಸೊಗಸಾಗಿ ಬಿಡಿಸಿದ್ದಾರೆ. ಅಲ್ಲಿ ಕೋಣಗಳ ಜೋಡಿಗಳನ್ನು ಎದುರುಬದುರು ಓಡಿಸಿ ಮೊದಲಾರೆಂದು ನೋಡುವ ವಿಭಾಗಗಳು ಬೇರೆ. ಯಾರು ಮುಂದೆ ಎಂಬುದನ್ನು ಬಿಟ್ಟು, ಕೆಸರುನೀರು ಎಷ್ಟೆತ್ತರ ಚಿಮ್ಮಿತೆಂಬುದನ್ನೇ ಅಳೆಯುವ ಕನೆಹಲಗೆ ಬೇರೆ. ಗದ್ದೆ ಒಂದೇ, ಅಳತೆಗೋಲು ಎರಡು. ಆಟ ಕಟ್ಟುವವರಿಗೂ ಇದೇ ದಾರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಯಂತ್ರವೇ ಮನುಷ್ಯನಂತೆ ಓಡಿದರೆ ಈ ತೊಂದರೆ ಇಲ್ಲವಲ್ಲ ಎನ್ನುವವರಿದ್ದಾರೆ. ‘ಸೋಫಿ’ ಎಂಬ ಕೃತಕ ಬುದ್ಧಿ ಈ ಆಟದಲ್ಲಿ ಅತ್ಯುತ್ತಮ ಆಟಗಾರರನ್ನು ಸೋಲಿಸಿದ ವರದಿ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೇ ಬಂತು. ಸೋಫಿ ಸೊಗಸಾಗಿ ಓಡುತ್ತಾಳೆಂಬುದು ನಿಜ. ಆದರೆ ಅಪ್ಪನ ಟ್ರಂಕಿನ ವಿಚಾರ ಕೇಳುವುದಿಲ್ಲ.

ಈ ಸಮತೋಲದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೀಗದ ಪ್ರಶ್ನೆ. ಒಂಟಿಯಾಗಿ ಆಡುವ ಕೋಣೆಯ ಬೀಗದಕೈಯನ್ನೂ ಕಂಪನಿಗಳು ದೂರದ ಸರ್ವರಿನಲ್ಲೇ ಇಟ್ಟುಕೊಳ್ಳುವುದು ಈಗ ವಾಡಿಕೆಯಾಗಿದೆ. ಹಣದ ಲೆಕ್ಕದಲ್ಲಿ ಮೋಸ ನಡೆಯದಿರಲೆಂದು ಹೀಗೆ ಮಾಡುತ್ತೇವೆಂಬುದು ಅವರ ಸಮಾಧಾನ. 2022ರ ಮಾರ್ಚಿನಲ್ಲಿ ‘ಗ್ರ್ಯಾನ್ ಟ್ಯೂರಿಸ್ಮೊ 7’ರ ಸರ್ವರುಗಳು ಮೂವತ್ತು ಗಂಟೆಗೂ ಹೆಚ್ಚು ಕಾಲ ನಿಂತಾಗ, ಒಬ್ಬರೇ ಆಡುವ ಭಾಗದ ಬಹುಪಾಲೂ ಮುಚ್ಚಿಹೋಯಿತು. ಅದು ಎರಡು ದಿನದ ಮಾತು. 2014ರಲ್ಲಿ ಬಂದ ‘ದಿ ಕ್ರ್ಯೂ’ ಎಂಬ ಆಟದ ಕಥೆ ಬೇರೆ. ಅಮೆರಿಕವನ್ನು ಕರಾವಳಿಯಿಂದ ಕರಾವಳಿಯವರೆಗೆ ಒಂಟಿಯಾಗಿ ಸುತ್ತಬಹುದಾಗಿದ್ದ ಆಟ ಅದು. 2024ರ ಮಾರ್ಚ್ 31ರಂದು ಯುಬಿಸಾಫ್ಟ್ ಅದರ ಸರ್ವರುಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೆ ಒಬ್ಬರೇ ಓಡಲೂ ರಸ್ತೆ ಉಳಿಯಲಿಲ್ಲ. ಇದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಎದ್ದಿತು. ಯೂರೋಪಿನ ನಾಗರಿಕರ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಅದೇ ವರ್ಷ ಆ ಕಂಪನಿಯೇ ‘ದಿ ಕ್ರ್ಯೂ 2’ಕ್ಕೆ ಇಂಟರ್‌ನೆಟ್ಟಿಲ್ಲದೆಯೂ ಆಡುವ ಅನುಕೂಲ ಮಾಡಿಕೊಟ್ಟಿತು.

ಹೀಗೆ ಮಾಡಲು ಸಾಧ್ಯವೆಂಬುದಕ್ಕೆ ಸಾಕ್ಷಿ ಬೇರೆಯೂ ಉಂಟು. 2008ರ ‘ಮಾರಿಯೋ ಕಾರ್ಟ್ ವೀ’ಯ ಇಂಟರ್‌ನೆಟ್ ಸೇವೆ 2014ರ ಮೇ ತಿಂಗಳಲ್ಲಿ ನಿಂತರೂ, ಒಬ್ಬರೇ ಆಡುವುದಕ್ಕೂ ಮನೆಮಂದಿ ಒಂದೇ ಪರದೆಯ ಮುಂದೆ ಆಡುವುದಕ್ಕೂ ಏನೂ ಅಡ್ಡಿಯಾಗಲಿಲ್ಲ. ‘ಗ್ರ್ಯಾನ್ ಟ್ಯೂರಿಸ್ಮೊ ಸ್ಪೋರ್ಟ್’ ಕೂಡ 2024ರ ಜನವರಿ ಕೊನೆಗೆ ತನ್ನ ಸಂತೆಯನ್ನು ಮುಚ್ಚುವಾಗ, ಒಂಟಿ ಓಟವನ್ನು ಇಂಟರ್‌ನೆಟ್ಟಿಲ್ಲದೆಯೇ ನಡೆಸುವಂತೆ ಮಾಡಿ ಹೋಯಿತು. ಅದು ಗೃಹಸ್ಥನ ಲಕ್ಷಣ: ಮನೆ ಬಿಡುವವನು ದೀಪ ಹಚ್ಚಿಟ್ಟು, ಕೀಲಿಯನ್ನು ಉಳಿದವರ ಕೈಗೆ ಕೊಟ್ಟು ಹೋಗಬೇಕು.

ಸಂತೆಗೆ ಸಂತೆಯ ಧರ್ಮವಿದೆ. ಜನ ಬಂದರೆ ಸಂತೆ; ಜನ ಚದುರಿದರೆ ಬರಿಯ ಬಯಲು. ಅದಕ್ಕೆ ನಾನು ಅಳುವವನಲ್ಲ. ಒಂದು ದಿನ ನನ್ನ ಬೆರಳು ಬಿಗಿಯಬಹುದು, ತಮ್ಮನಿಗೆ ಬಿಡುವಿಲ್ಲದಿರಬಹುದು, ನಾವು ಓಡುವ ಸಂತೆಯೂ ಮುಚ್ಚಬಹುದು. ಅಷ್ಟರಲ್ಲಿ ನಮ್ಮ ಮಾತು ರಸ್ತೆಯ ಹಂಗಿಲ್ಲದೆ ನಡೆಯುವಷ್ಟು ಸಲೀಸಾಗಿದ್ದರೆ ಸಾಕು. ಆದರೆ ಅವನ ಭೂತವೊಂದು ನನ್ನ ಯಂತ್ರದಲ್ಲಿದೆ. ಮೂರನೆಯ ತಿರುವಿನಲ್ಲಿ ಚಿಕ್ಕಂದಿನಿಂದಲೂ ಅವನು ಹಾಕುವಂತೆ ತಡವಾಗಿಯೇ ಬ್ರೇಕ್ ಹಾಕುತ್ತದೆ. ವಾರದ ರಾತ್ರಿಗಳಲ್ಲಿ ನಾನು ಒಬ್ಬನೇ ಕುಳಿತು ಅದರ ಬೆನ್ನು ಹತ್ತುತ್ತೇನೆ. ಆ ಓಟಕ್ಕೆ ಯಾರ ಅಪ್ಪಣೆಯೂ ಬೇಕಾಗಬಾರದು ಎಂಬಷ್ಟೇ ನನ್ನ ಕೋರಿಕೆ.