ಪಾಕ ಬೇಡದ ಸಿಹಿ

ಸಿಹಿತಿಂಡಿಗಳಲ್ಲಿ ಎರಡು ಜಾತಿ. ಮಾಡುವಾಗ ಮಕ್ಕಳನ್ನು ಅಡುಗೆಮನೆಯಿಂದ ಓಡಿಸಬೇಕಾದದ್ದು ಒಂದು, ಮಕ್ಕಳಿಲ್ಲದೆ ಮಾಡಲು ಮನಸ್ಸೇ ಬಾರದ್ದು ಇನ್ನೊಂದು. ಮೈಸೂರು ಪಾಕು ಮೊದಲನೆಯದು. ನಮ್ಮ ಸೋದರತ್ತೆ ಅದಕ್ಕೆ ಬಾಣಲೆ ಇಟ್ಟರೆಂದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸೀನುವಂತಿಲ್ಲ. ಪಾಕ ಒಂದೆಳೆಗೆ ಬಂದ ಗಳಿಗೆ ಅವರ ಹೆಬ್ಬೆರಳಿಗೂ ತೋರುಬೆರಳಿಗೂ ಮಾತ್ರ ಗೊತ್ತು. ಆ ಗಳಿಗೆ ದಾಟಿದರೆ ಕಲ್ಲು, ಮುಟ್ಟದಿದ್ದರೆ ಮುದ್ದೆ. ತಪ್ಪು ಅವರದೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರೆಂದು ಮೈಸೂರಿನವರು ಹೇಳುವ ತಿಂಡಿ ಅದು. ಅರಮನೆಯಲ್ಲಿ ಹುಟ್ಟಿದ ಮೇಲೆ ಬಿಗುಮಾನ ಇರಲೇಬೇಕಲ್ಲ.

ಎರಡನೆಯ ಜಾತಿಯದು ಬೇಸಿಗೆ ರಜೆಯಲ್ಲಿ ಬರುತ್ತದೆ, ಮಕ್ಕಳ ಜೊತೆಗೇ. ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ಅವರ ಬಾಲ ಹಿಡಿದು ಎದುರುಮನೆಯವರು. ಇವರಿಗೆ ನಾವು ಕೆಲಸ ಕೊಡದಿದ್ದರೆ ಅವರೇ ಹುಡುಕಿಕೊಳ್ಳುತ್ತಾರೆ. ಅದು ಮನೆಯ ಸಾಮಾನಿಗೆ ಒಳ್ಳೆಯದಲ್ಲ. ಹಾಗಾಗಿ ಬಿಸ್ಕತ್ತಿನ ಪುಡ್ಡಿಂಗು. ದೊಡ್ಡ ಗಾಜಿನ ಬಟ್ಟಲಿನ ತಳದಲ್ಲಿ ಮಾರಿ ಬಿಸ್ಕತ್ತು, ಅದರ ಮೇಲೆ ಕಸ್ಟರ್ಡು, ಮತ್ತೆ ಬಿಸ್ಕತ್ತು, ಮತ್ತೆ ಕಸ್ಟರ್ಡು, ನಡುವೆ ಒಂದು ಪದರ ಜೆಲ್ಲಿ. ತುದಿಯಲ್ಲಿ ಪುಡಿ ಮಾಡಿದ ಬೋರ್ಬನ್ ಬಿಸ್ಕತ್ತಿನ ಕಪ್ಪು ಮಣ್ಣು, ಆ ಮಣ್ಣಿನಿಂದ ಇಣುಕುವ ಜೆಲ್ಲಿ ಹುಳುಗಳು. ಅಮೆರಿಕದ ಮನೆಗಳಲ್ಲಿ ಇದರ ಅಣ್ಣನೊಬ್ಬನಿದ್ದಾನೆ, ಡರ್ಟ್ ಕೇಕ್ ಅಂತ. ಅವರು ಹೊಸ ಹೂಕುಂಡದಲ್ಲೇ ತುಂಬಿ, ಆಟದ ಸಲಿಕೆಯಲ್ಲಿ ಬಡಿಸುವುದೂ ಉಂಟು. ನಮ್ಮಲ್ಲಿ ಕುಂಡದ ಪ್ರಸ್ತಾಪಕ್ಕೆ ಅತ್ತೆ ಒಪ್ಪಲಿಲ್ಲ. “ತಿನ್ನೋದಕ್ಕೆ ಕುಂಡ ಯಾಕೇ? ಮನೇಲಿ ಪಾತ್ರೆಗೆ ಬರ ಬಂದಿದೆಯಾ?”

“ಇದರ ವಿಶೇಷ ಏನು ಗೊತ್ತಾ ಅಜ್ಜಿ, ಬೇಕ್ ಮಾಡೋ ಹಾಗೇ ಇಲ್ಲ” ಎಂದು ಅಕ್ಕನ ಮಗಳು ಬಲು ಹೆಮ್ಮೆಯಿಂದ ಹೇಳಿದಳು. ಅತ್ತೆಯ ಮುಖದಲ್ಲಿ ಏನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ರಾಮನವಮಿಯ ಪಾನಕ, ಕೋಸಂಬರಿ, ಪೂಜೆಯ ಪಂಚಾಮೃತ, ಬಾಳೆಹಣ್ಣಿನ ರಸಾಯನ, ಮಾವಿನ ಸೀಕರಣೆ, ಇವನ್ನೆಲ್ಲ ಅವರು ಓವನ್ ಏನು, ಒಲೆಯನ್ನೇ ಹಚ್ಚದೆ ಮಾಡಿದವರು. ನಮ್ಮ ಕಡೆ ಬೇಕ್ ಮಾಡುವುದು ಮನೆಯ ಕೆಲಸವೇ ಆಗಿರಲಿಲ್ಲ. ಅದಕ್ಕೆಂದೇ ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಬೇಕರಿಯವರು ಬೀದಿಗೊಬ್ಬರಿದ್ದರು. ಓವನ್ ಮನೆಯೊಳಗೇ ಕೂತಿರುವ ದೇಶದವರಿಗೆ ಅದನ್ನು ಹಚ್ಚದಿರುವುದು ಸುದ್ದಿ, ನಮಗೆ ಅದು ದಿನಚರಿ. ಅಲ್ಲದೆ ಓವನ್ ಬೇಡ ಅಂದ ಮಾತ್ರಕ್ಕೆ ಒಲೆ ಬೇಡ ಅಂತಲ್ಲ. ಕಸ್ಟರ್ಡು ಕುದಿಯಲೇಬೇಕು.

ಈ ಕಸ್ಟರ್ಡಿನ ಪುಡಿಗೆ ನಾವು ಒಬ್ಬ ಹೆಂಗಸಿನ ಹೊಟ್ಟೆಗೆ ಕೃತಜ್ಞರಾಗಿರಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ, ಕಸ್ಟರ್ಡಿನ ಆಸೆ ಮಾತ್ರ ಬಿಟ್ಟಿರಲಿಲ್ಲ. ಆತ 1837ರಲ್ಲಿ ಮೊಟ್ಟೆಯ ಬದಲು ಜೋಳದ ಪಿಷ್ಟ ಹಾಕಿ ಪುಡಿ ಮಾಡಿದ. ಹೆಂಡತಿಯ ಮೇಲಿನ ಪ್ರೀತಿಗೆ ಷಹಜಹಾನ್ ಏನೋ ಕಟ್ಟಿಸಿದನಂತೆ. ಬರ್ಡ್ ಮಾಡಿದ್ದನ್ನು ಹೆಂಡತಿ ಬದುಕಿದ್ದಾಗಲೇ ತಿಂದಳು. ಆ ಪುಣ್ಯಾತ್ಗಿತ್ತಿಯ ದೆಸೆಯಿಂದ ಮೊಟ್ಟೆ ಒಳಗೆ ಬಾರದ ನಮ್ಮ ಅಡುಗೆಮನೆಗಳಿಗೂ ಕಸ್ಟರ್ಡು ಬಂತು.

ಇಪ್ಪತ್ತೈದು ಮಂದಿಗೆ 2 ಲೀಟರ್ ಹಾಲು, ಕಾಲು ಕಿಲೋ ಸಕ್ಕರೆ ಸಾಕು. ಅರ್ಧ ಲೀಟರಿಗೆ ಎರಡು ದೊಡ್ಡ ಚಮಚ ಪುಡಿ ಅನ್ನುವುದು ವಾಡಿಕೆಯ ಲೆಕ್ಕ. ಪದರ ನಿಲ್ಲಬೇಕಾದ್ದರಿಂದ ಒಟ್ಟಿಗೆ ಇನ್ನೆರಡು ಚಮಚ ಜಾಸ್ತಿ ಇರಲಿ. ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲೇ ಕದಡಬೇಕು. ನೇರವಾಗಿ ಬಿಸಿ ಹಾಲಿಗೆ ಸುರಿದರೆ ಪಿಷ್ಟದ ಹೊರಮೈ ಕೂಡಲೇ ಬೆಂದು ಅಂಟಾಗುತ್ತದೆ, ಒಳಗಿನ ಪುಡಿ ಒಣಗಿದಂತೆಯೇ ಉಳಿದು ಗಂಟಾಗುತ್ತದೆ. ಒಲೆಯ ಹತ್ತಿರದ ಈ ಒಂದು ಕೆಲಸ ದೊಡ್ಡವರದು. ಕದಡುವ ಹಕ್ಕು ಮಾತ್ರ ಯಾರಿಗಾದರೂ ಕೊಡಬಹುದು.

ಬಿಸ್ಕತ್ತು ಜೋಡಿಸುವ ಮಕ್ಕಳಿಗೆ ಗೊತ್ತಿಲ್ಲದ್ದೊಂದಿದೆ: ಅವರ ಕೈಯಲ್ಲಿರುವುದು ಮದುವೆಯ ಬಿಸ್ಕತ್ತು. ರಷ್ಯಾದ ಚಕ್ರವರ್ತಿಯ ಮಗಳು ಮಾರಿಯಾ ಅಲೆಕ್ಸಾಂಡ್ರೊವ್ನಾ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮಗನನ್ನು 1874ರಲ್ಲಿ ಮದುವೆಯಾದಾಗ, ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಅವಳ ಹೆಸರಿನಲ್ಲಿ ಮಾರಿ ಬಿಸ್ಕತ್ತು ತಂದಿತು. ಬೋರ್ಬನ್ ಕೂಡ ಅದೇ ಕಂಪನಿಯದು, 1910ರದು. ಒಂದೇ ತವರಿನ ಈ ಅಕ್ಕತಂಗಿಯರಲ್ಲಿ ಒಬ್ಬಳು ನಮ್ಮ ಬಟ್ಟಲಿನ ಅಡಿಪಾಯ, ಇನ್ನೊಬ್ಬಳು ಮೇಲಿನ ಮಣ್ಣು. ರಾಜಕುಮಾರಿಗಾದರೂ ಗೊತ್ತಿತ್ತೇ, ತನ್ನ ಹೆಸರು ಕೊನೆಗೆ ಜ್ವರ ಬಂದವರ ಕಾಫಿಯಲ್ಲಿ ಅದ್ದಿ ತಿನ್ನುವ ಪದಾರ್ಥಕ್ಕೆ ಉಳಿಯುತ್ತದೆ ಅಂತ!

ಕಾಫಿ ಅಂದೆ, ಒಳ್ಳೆಯ ಉಪಾಯ. ದೊಡ್ಡವರ ಬಟ್ಟಲಿಗೆ ಮಾರಿಯನ್ನು ತೆಳು ಡಿಕಾಕ್ಷನ್ನಿನಲ್ಲಿ ಅದ್ದಿ ಇಟ್ಟುನೋಡಿ. ಇಟಲಿಯ ಟ್ರೆವಿಸೊ ಊರಿನವರು 1970ರ ದಶಕದಲ್ಲಿ ಜಗತ್ತಿಗೆ ತಿನ್ನಿಸಿದ ತಿರಮಿಸು ಕೂಡ ಇದೇ ದಾರಿಯದು. ಕಾಫಿಯಲ್ಲಿ ನೆನೆದ ಬಿಸ್ಕತ್ತು, ಅದರ ಮೇಲೆ ಕೆನೆ, ಓವನ್ನಿನ ಮಾತಿಲ್ಲ. ಅದ್ದುವುದು ಅಂದರೆ ಮುಳುಗಿಸಿ ತೆಗೆಯುವುದು ಅಷ್ಟೆ. ಅರೆಕ್ಷಣ ಮೈಮರೆತರೆ ಮಾರಿ ಕಾಫಿಯ ತಳ ಸೇರುತ್ತಾಳೆಂಬುದು ಕನ್ನಡಿಗರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಇನ್ನು ಜೆಲ್ಲಿ. ಇಲ್ಲಿ ಮನೆಮನೆಯಲ್ಲೂ ಚರ್ಚೆ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವುದು. ಚೈನಾಗ್ರಾಸ್ ಕಡಲಪಾಚಿಯದು, ಆದ್ದರಿಂದ ಅತ್ತೆಗೂ ನಡೆಯುತ್ತದೆ. ಜೆಲಾಟಿನ್‌ಗೆ ಇನ್ನೂ ಎರಡು ದೌರ್ಬಲ್ಯ. ಹಸಿ ಅನಾನಸ್, ಹಸಿ ಪರಂಗಿ ಬಿದ್ದರೆ ಅವುಗಳಲ್ಲಿರುವ ಕಿಣ್ವಗಳು ಅದನ್ನು ಜೀರ್ಣಿಸಿಬಿಡುತ್ತವೆ, ಜೆಲ್ಲಿ ಕಟ್ಟುವುದೇ ಇಲ್ಲ. ಬೇಸಿಗೆಯ ಸೆಕೆಗಂತೂ ಕರಗಿ ನೀರಾಗುತ್ತದೆ. ಚೈನಾಗ್ರಾಸ್ ಗಟ್ಟಿಗ. ಲೀಟರಿಗೆ 10 ಗ್ರಾಂ ಹಾಕಿ ಪೂರ್ತಿ ಕರಗುವ ತನಕ ಕುದಿಸಿದರೆ ಫ್ರಿಜ್ಜಿನ ಹಂಗಿಲ್ಲದೆ ಕಟ್ಟುತ್ತದೆ. ಮತ್ತೆ ಕರಗಬೇಕಾದರೆ ಹತ್ತಿರ ಹತ್ತಿರ 85 ಡಿಗ್ರಿ ಸೆಲ್ಸಿಯಸ್ ಬೇಕು. ಮಂಗಳೂರಿನ ಮೇ ತಿಂಗಳಿಗೂ ಅಷ್ಟು ಧೈರ್ಯವಿಲ್ಲ.

ಈ ಗಟ್ಟಿತನ ವಿಜ್ಞಾನದ ಕೈಯನ್ನೂ ಹಿಡಿದಿದೆ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಜೆಲಾಟಿನ್ ಮೇಲೆ ಬೆಳೆಸಲು ಹೆಣಗುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗುತ್ತಿತ್ತು, ಕರಗದಿದ್ದರೆ ಜೀವಿಗಳೇ ಅದನ್ನು ತಿಂದು ನೀರು ಮಾಡುತ್ತಿದ್ದವು. ಅಲ್ಲಿದ್ದ ವಾಲ್ಟರ್ ಹೆಸ್ಸೆ ಮನೆಗೆ ಬಂದು ಕೇಳಿದ್ದು, “ನಿನ್ನ ಜೆಲ್ಲಿ ಯಾಕೆ ಕರಗೋದಿಲ್ಲ?” ಅನ್ನುವ ಧಾಟಿಯ ಪ್ರಶ್ನೆ. ಹೆಂಡತಿ ಫ್ಯಾನಿ ತನ್ನ ಅಡುಗೆಮನೆಯ ಅಗರ್, ಅಂದರೆ ನಮ್ಮ ಇದೇ ಚೈನಾಗ್ರಾಸನ್ನು ತೋರಿಸಿದಳು. ಜಾವಾದಲ್ಲಿದ್ದು ಬಂದ ನೆರೆಯವರಿಂದ ಅವಳು ಕಲಿತಿದ್ದ ಗುಟ್ಟು ಅದು. ಇದು 1881ರ ಮಾತು. ಇವತ್ತಿಗೂ ಪ್ರಯೋಗಾಲಯದ ತಟ್ಟೆಗಳಲ್ಲಿ ಅಗರ್ ಇದೆ. ಅಡುಗೆಯವಳ ಹೆಸರು ಮಾತ್ರ ಪಾಠದ ಪುಸ್ತಕದಲ್ಲಿ ಹುಡುಕಬೇಕು.

ಹುಳುವಿನ ವಿಚಾರಕ್ಕೆ ಬರೋಣ. ಜರ್ಮನಿಯ ಟ್ರೋಲಿ ಕಂಪನಿ 1981ರಲ್ಲಿ ಈ ಜೆಲ್ಲಿ ಹುಳುಗಳನ್ನು ಬಿಟ್ಟಿತು. ಅಂಗಡಿಯಲ್ಲಿ ಸಿಗುವ ಹುಳುಗಳಲ್ಲಿ ಜೆಲಾಟಿನ್ ಇರುವುದೇ ಹೆಚ್ಚು, ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿಕೊಳ್ಳಿ. ಇಲ್ಲದಿದ್ದರೆ ಬೀಟ್‌ರೂಟ್ ರಸ ಬೆರೆಸಿದ ಚೈನಾಗ್ರಾಸನ್ನು ತಟ್ಟೆಯಲ್ಲಿ ಕಟ್ಟಲು ಬಿಟ್ಟು ಉದ್ದುದ್ದ ಕೊಯ್ದರಾಯಿತು. ಮಣ್ಣಿನ ನಡುವೆ ಬಣ್ಣದ ಹರಳುಗಳಿಗೆ ಟೂಟಿಫ್ರೂಟಿ. ಅದು ಪರಂಗಿಕಾಯಿಯೇ, ಸಕ್ಕರೆಯಲ್ಲಿ ಬೆಂದು ಸಾಧುವಾದದ್ದು. ಮೇಲೊಂದು ಪುದೀನ ಚಿಗುರು ನೆಟ್ಟರೆ ತೋಟ ಮುಗಿಯಿತು.

ಇಷ್ಟಾದ ಮೇಲೆ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಬೇಕು. ಮಕ್ಕಳಿಗೆ ಒಪ್ಪಿಸಲು ಕಷ್ಟವಾದ ಮಾತು ಇದೊಂದೇ. ಒಣ ಬಿಸ್ಕತ್ತು ಕಸ್ಟರ್ಡಿನ ತೇವವನ್ನು ಮೆಲ್ಲಗೆ ಎಳೆದುಕೊಂಡು ಕೇಕಿನಷ್ಟು ಮೆದುವಾಗುವುದು, ಕಸ್ಟರ್ಡು ಅಷ್ಟೇ ಗಟ್ಟಿಯಾಗುವುದು ಆ ಹೊತ್ತಿನಲ್ಲೇ. ಕಾಯಲಾರದವರು ಉಡುಪಿಗೋ ಮಂಗಳೂರಿಗೋ ಹೋಗಿ ಗಡ್‌ಬಡ್ ತಿನ್ನಲಿ. ಉದ್ದ ಲೋಟದಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಬೇರೆ ಬೇರೆ ಐಸ್‌ಕ್ರೀಮು ಪದರಪದರವಾಗಿ ಸಿದ್ಧವಿರುತ್ತದೆ. ಆದರೆ ಅದು ಒಬ್ಬರ ಲೋಟ, ಒಬ್ಬರ ಚಮಚ. ಮನೆ ತುಂಬಿದಾಗಿನ ಮಾತೇ ಬೇರೆ.

ನನಗೆ ಕಾಣುವುದಿಷ್ಟು. ಪಾಕ ಹಾಕುವ ಸಿಹಿ ರಾಜಶಾಹಿ, ಪದರದ ಪುಡ್ಡಿಂಗು ಗ್ರಾಮಸಭೆ. ಇಲ್ಲಿ ಕೈ ತಪ್ಪುವ ಗಳಿಗೆ ಇಲ್ಲ, ಆದ್ದರಿಂದ ಯಾರ ಕೈಯನ್ನೂ ತಳ್ಳಬೇಕಿಲ್ಲ. ಐದು ವರ್ಷದವನು ಓರೆಯಾಗಿ ಇಟ್ಟ ಬಿಸ್ಕತ್ತನ್ನು ಮೇಲಿನ ಕಸ್ಟರ್ಡು ಮುಚ್ಚುತ್ತದೆ. ಕಸ್ಟರ್ಡು ಹರಡಿದವಳ ಅವಸರವನ್ನು ಮಣ್ಣು ಮುಚ್ಚುತ್ತದೆ. ರುಚಿ ಯಾರದೆಂದು ಹೇಳಲಾಗದಂಥ ಸಿಹಿಯನ್ನು ಎಲ್ಲರೂ ತಮ್ಮದೆನ್ನುತ್ತಾರೆ. ಬಿಸ್ಕತ್ತು ಪುಡಿ ಮಾಡಿದವನು ತನ್ನಿಂದಲೇ ಆಯಿತೆನ್ನುತ್ತಾನೆ, ಹುಳು ನೆಟ್ಟವಳು ತನ್ನದೇ ತೋಟವೆನ್ನುತ್ತಾಳೆ, ಏನೂ ಮಾಡದೆ ಪಕ್ಕದಲ್ಲಿ ನಿಂತಿದ್ದ ಭಾವನವರು ಐಡಿಯಾ ತಮ್ಮದೆನ್ನುತ್ತಾರೆ. ತಳ ಹಿಡಿದ ಹಾಲಿನ ಪಾತ್ರೆಗೆ ಮಾತ್ರ ವಾರಸುದಾರರು ಸಿಗುವುದಿಲ್ಲ. ಅದಕ್ಕೆ ನಮ್ಮ ಮನೆಯಲ್ಲೊಂದು ಕಾನೂನು ಬಂದಿದೆ: ಪಾತ್ರೆ ಬಳಿದು ನೆಕ್ಕಿದವರೇ ತೊಳೆಯತಕ್ಕದ್ದು. ಕಾನೂನು ಜಾರಿಯಾದ ಮೇಲೂ ನೆಕ್ಕುವವರ ಸಾಲು ಕಡಿಮೆಯಾಗಿಲ್ಲ. ತೊಳೆದದ್ದು ನೋಡಿ, ಇನ್ನೊಮ್ಮೆ ನಾನೇ ತೊಳೆಯುತ್ತೇನೆ.