ಆಟದ ಮೇಜಿನ ಬಳಿ ವಯಸ್ಸಿನ ಲೆಕ್ಕ

ಎಳೆಯರ ಕ್ರೀಡೆಯಲ್ಲಿ ವಯಸ್ಸನ್ನು ಇಳಿಸಿ ಹೇಳುವ ದೋಷವು ಎಲ್ಲರಿಗೂ ಪರಿಚಿತವಾದದ್ದು. ಹದಿನೆಂಟರ ಹುಡುಗನನ್ನು ಹದಿನಾರರವನೆಂದು ತೋರಿಸಿ ತಂಡಕ್ಕೆ ಸೇರಿಸಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹಿರಿಯರ ಆಟದಲ್ಲಿ ಇದೇ ದೋಷವು ತಲೆಕೆಳಗಾಗಿ ಬರುತ್ತದೆ. ನೌಕರಿಗಾಗಿ, ವರನಾಗುವುದಕ್ಕಾಗಿ ಒಂದೆರಡು ವರ್ಷ ಕಡಿಮೆ ಹೇಳಿಕೊಂಡು ಬಂದವರು ಇಳಿವಯಸ್ಸಿನಲ್ಲಿ ಅದನ್ನು ಏರಿಸಿ ಹೇಳಲು ಮುಂದಾಗುತ್ತಾರೆ. ಸತ್ಯವ್ರತದ ದೃಷ್ಟಿಯಿಂದ ಇದನ್ನು ಸ್ವಲ್ಪ ವಿಚಾರಿಸಬೇಕೆಂದು ನನಗೆ ಅನ್ನಿಸಿದ್ದು ಪೂಲ್ ಆಟದ ನಿಮಿತ್ತವಾಗಿ.

ಪೂಲ್ ಎಂದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆ ಹೆಸರೇ ಆಟಗಾರರು ಒಟ್ಟುಗೂಡಿಸಿ ಇಡುತ್ತಿದ್ದ ಪಣದಿಂದ ಬಂದದ್ದು. ಸಪ್ತವ್ಯಸನಗಳಲ್ಲಿ ಮೊದಲನೆಯದೋ ದ್ಯೂತ. ಹಿಂದೆ ಇದರ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಹಯಾಟ್ ಎಂಬಾತ ದಂತಕ್ಕೆ ಬದಲಿ ವಸ್ತುವನ್ನು ಹುಡುಕಹೊರಟದ್ದರಿಂದ ಆ ಹಿಂಸೆ ಕ್ರಮೇಣ ತಪ್ಪಿತು; ಈಗಿನವು ಕೃತಕ ರಾಳದ ಚೆಂಡುಗಳು. ನಾನು ಇಲ್ಲಿ ಹೇಳುವುದು ಪಣವಿಲ್ಲದ, ಪ್ರವೇಶಧನವು ಚಹಾ ಮತ್ತು ಬಟ್ಟಲುಗಳಿಗಷ್ಟೇ ಸಾಲುವ ಹವ್ಯಾಸಿ ಪಂದ್ಯಗಳ ವಿಷಯವನ್ನು. ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಹತ್ತಾರು ಮಂದಿ ಹಿರಿಯರು ಒಂದು ಹಸಿರು ಮೇಜಿನ ಸುತ್ತ ನಿಂತು ಒಂದು ಗಂಟೆ ಕಳೆದರೆ ಅದರಲ್ಲಿ ದೋಷವನ್ನು ನಾನು ಕಾಣೆ.

ಕೋಲಿನ ಈ ಆಟಗಳಲ್ಲಿ ಹಿರಿಯರ ವಿಭಾಗವು ಸಾಮಾನ್ಯವಾಗಿ 40ರಿಂದ, ಕೆಲವೆಡೆ 50ರಿಂದ ಆರಂಭವಾಗುತ್ತದೆ. ಓಡುವ ಶ್ರಮವಿಲ್ಲದ ಆಟಕ್ಕೆ 40ರ ಗಡಿ ಏಕೆಂದು ಕೇಳಿದರೆ ನಮ್ಮ ಭಾಷೆಯೇ ಉತ್ತರ ಕೊಡುತ್ತದೆ. ಆ ವಯಸ್ಸಿಗೆ ಬರುವ ಕನ್ನಡಕಕ್ಕೆ ನಾವು ಚಾಳೀಸು ಎನ್ನುತ್ತೇವೆ; ಹಿಂದಿಯಲ್ಲಿ ಅದು ನಲವತ್ತು. ಮೇಜಿನ ಮೇಲೆ ಬಾಗಿದಾಗ ಆಟಗಾರನು ಕನ್ನಡಕದ ಮೇಲಂಚಿನಿಂದ ನೋಡಬೇಕಾಗುತ್ತದೆ. ಬಿಳಿಯ ಚೆಂಡು ಒಂದು ದೂರದಲ್ಲಿ, ಗುರಿಯ ಚೆಂಡು ಮತ್ತೊಂದು ದೂರದಲ್ಲಿ. ಸೊಂಟವೂ ಮೊದಲಿನಂತೆ ಬಾಗದು.

ಆದರೂ ಈ ಆಟದಲ್ಲಿ ವಯಸ್ಸು ಸಾಮರ್ಥ್ಯವನ್ನು ಅಳೆಯುವ ಒಳ್ಳೆಯ ಕೋಲಲ್ಲ. ಬೆಂಗಳೂರಿನಲ್ಲಿ 2014ರಲ್ಲಿ ನಡೆದ ವಿಶ್ವ ಹವ್ಯಾಸಿ ಸ್ನೂಕರ್ ಪಂದ್ಯಾವಳಿಯಲ್ಲಿ ದೊಡ್ಡವರನ್ನೆಲ್ಲ ಸೋಲಿಸಿ ಗೆದ್ದವನು ಚೀನಾದ 14 ವರ್ಷದ ಯಾನ್ ಬಿಂಗ್‌ಟಾವೊ. ಇಂಗ್ಲೆಂಡಿನ ಫ್ರೆಡ್ ಡೇವಿಸ್ 1978ರಲ್ಲಿ 64ರ ವಯಸ್ಸಿನಲ್ಲಿ ವಿಶ್ವ ಸ್ನೂಕರ್‌ನ ಉಪಾಂತ್ಯ ಪಂದ್ಯವನ್ನು ಆಡಿದರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರು 1985ರ ಜುಲೈನಲ್ಲಿ ಜನಿಸಿದವರು. 2024ರಲ್ಲಿ ದೋಹಾದಲ್ಲಿ ತಮ್ಮ 28ನೆಯ ವಿಶ್ವ ಪ್ರಶಸ್ತಿಯನ್ನು ಗೆದ್ದರು. 2025ರ ಜುಲೈಗೆ 40 ತುಂಬಿಸಿದರು. ಕೇವಲ ವಯಸ್ಸನ್ನೇ ನೋಡುವುದಾದರೆ, ಭಾನುವಾರಕ್ಕೊಮ್ಮೆ ಕೋಲು ಹಿಡಿಯುವ ಹಿರಿಯೂರಿನ ವರ್ತಕನೂ ಅವರೂ ಒಂದೇ ವಿಭಾಗದವರು! ಆದುದರಿಂದ ಅರ್ಹತೆಯ ನಿಯಮದಲ್ಲಿ ವಯಸ್ಸಿನಷ್ಟೇ ‘ಹವ್ಯಾಸಿ’ ಎಂಬ ಮಾತಿಗೂ ತೂಕವಿರಬೇಕು. ಅಮೆರಿಕದ ಹವ್ಯಾಸಿ ಪೂಲ್ ಸಂಘವೊಂದು ವಯಸ್ಸನ್ನು ಬಿಟ್ಟು ಕೌಶಲಕ್ಕೆ ಅಂಕ ಕೊಟ್ಟು ಸಮತೂಕ ಮಾಡುತ್ತದೆ. ಅಲ್ಲಿಯೂ ಬೇಕೆಂದೇ ಕೆಟ್ಟದಾಗಿ ಆಡಿ ಅಂಕ ಇಳಿಸಿಕೊಳ್ಳುವವರು ಇಲ್ಲದಿಲ್ಲ.

ವಿಭಾಗಗಳು ಎಷ್ಟಿರಬೇಕು? ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಐದೈದು ವರ್ಷಕ್ಕೊಂದು ವಿಭಾಗ. ಚದುರಂಗದಲ್ಲಿ 2014ರಿಂದ 50 ಮತ್ತು 65 ಎಂಬ ಎರಡೇ. ನಮ್ಮ ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಇಪ್ಪತ್ತು ಹೆಸರು ಬಂದರೆ ಹೆಚ್ಚು; ಅವರನ್ನು ಐದು ವಿಭಾಗ ಮಾಡಿದರೆ ನಾಲ್ವರಲ್ಲಿ ಒಬ್ಬನು ವಿಜೇತ, ಒಬ್ಬನು ಉಪವಿಜೇತ. ಎಲ್ಲರ ಮನೆಗೂ ಬಟ್ಟಲು ಹೋದೀತು, ಆಟ ಉಳಿಯದು. ಎರಡು ಸಾಕು ಎಂಬುದು ನನ್ನ ಅಭಿಪ್ರಾಯ. ಯಾವ ದಿನಕ್ಕೆ ವಯಸ್ಸು ತುಂಬಿರಬೇಕೆಂಬುದನ್ನು ಮಾತ್ರ ಮೊದಲೇ ಅಚ್ಚು ಹಾಕಿಸಬೇಕು. ಅಥ್ಲೆಟಿಕ್ಸ್‌ನವರು ಕೂಟದ ಮೊದಲ ದಿನವನ್ನು ನೋಡುತ್ತಾರೆ, ಚದುರಂಗದವರು ಆ ವರ್ಷದ ಡಿಸೆಂಬರ್ 31ನ್ನು. ಯಾವುದಾದರೂ ಆದೀತು, ಹೆಸರುಗಳು ಬಂದ ಮೇಲೆ ಮುಖ ನೋಡಿ ದಿನ ಗೊತ್ತುಮಾಡುವುದು ಆಗದು.

ಇನ್ನು ಪ್ರಮಾಣದ ಪ್ರಶ್ನೆ. ಎಳೆಯರ ವಿಷಯದಲ್ಲಿ ಸಂಶಯ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜಿಸಬಹುದು. ಕ್ರೀಡೆಯಲ್ಲಿ ವಯಸ್ಸಿನ ವಂಚನೆಯನ್ನು ತಡೆಯಲು ಕೇಂದ್ರ ಸರ್ಕಾರ 2010ರಲ್ಲಿ ಒಂದು ಸಂಹಿತೆಯನ್ನೇ ತಂದಿತು. ಆದರೆ ಬೆಳವಣಿಗೆ ಮುಗಿದ ಮೂಳೆಯು ಏನನ್ನೂ ಹೇಳದು. ಒಬ್ಬನಿಗೆ 64 ಆಗಿದೆಯೋ 66 ಆಗಿದೆಯೋ ಎಂದು ನಿರ್ಣಯಿಸಿ ಹೇಳುವ ವೈದ್ಯನಿಲ್ಲ. ಉಳಿಯುವುದು ಕಾಗದ ಮತ್ತು ಮಾತು, ಎರಡೇ.

ನಮ್ಮ ತಲೆಮಾರಿನ ಕಾಗದದ ಗುಟ್ಟು ನಮಗೇ ಗೊತ್ತು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದದ್ದೇ ಜನ್ಮದಿನ. ಶಾಲೆ ತೆರೆಯುವುದು ಜೂನ್‌ನಲ್ಲಿ. ಆದುದರಿಂದ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ! ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗುವುದರಿಂದ ಮೇ 31 ಕಚೇರಿ ಕಚೇರಿಗಳಲ್ಲಿ ಹಾರ ತುರಾಯಿಗಳ ದಿನವಾಗಿದೆ.

ನನ್ನ ಸ್ನೇಹಿತರೊಬ್ಬರು ಅಂಥವರು. ಅವರ ಜಾತಕದಲ್ಲಿರುವುದು ವಿಕಾರಿ ಸಂವತ್ಸರದ ಕಾರ್ತಿಕ ಮಾಸ, ಅಂದರೆ 1959ರ ಕೊನೆ. ಶಾಲೆಯ ದಾಖಲೆಯಲ್ಲಿರುವುದು 1961ರ ಜೂನ್ 1. ಅರವತ್ತು ವರ್ಷಗಳ ಮೇಲೆ ವಿಕಾರಿ ಮರಳಿ ಬಂದಾಗ, 2019ರಲ್ಲಿ, ಮಕ್ಕಳು ಅವರಿಗೆ ಷಷ್ಟ್ಯಬ್ದಿ ಮಾಡಿದರು. ನಾವೆಲ್ಲ ಹೋಗಿ ಹಾರೈಸಿ ಬಂದೆವು. ಆ ಬಳಿಕವೂ ಅವರು ಒಂದೂವರೆ ವರ್ಷ ನೌಕರಿ ಮಾಡಿ, 60 ತುಂಬಿತೆಂದು 2021ರ ಮೇ 31ರಂದು ನಿವೃತ್ತರಾದರು. ಈಚೆಗೆ ನಮ್ಮ ಜಿಲ್ಲೆಯ ಒಂದು ಪಟ್ಟಣದಲ್ಲಿ ಹಿರಿಯರ ಪೂಲ್ ಪಂದ್ಯ ಏರ್ಪಟ್ಟಾಗ ಅವರು 65 ಮೀರಿದವರ ವಿಭಾಗಕ್ಕೆ ಹೆಸರು ಕೊಟ್ಟರು. ಜಾತಕದಂತೆ 65 ತುಂಬಿತ್ತು, ದಾಖಲೆಯಂತೆ 64. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನನ್ನ ಅಭಿಪ್ರಾಯವನ್ನು ಸಮಿತಿಯವರು ಕೇಳಿದರು.

“ಶೆಟ್ರೇ, ನಮ್ಮ ತಂದೆ ಬರೆಸಿದ ಜಾತಕ ಸುಳ್ಳು, ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು ನಿಜವೇ? ಸತ್ಯವ್ರತದ ಮಾತಾಡುವವರು ನೀವೇ ಹೀಗೆ ಹೇಳಬಹುದೇ?” ಎಂದರು ಸ್ನೇಹಿತರು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಕಾಗದ ಮಾಡುವುದೆಂದು ಅದರ ಅರ್ಥ. ಆ ಕಾಗದವನ್ನು ಸ್ನೇಹಿತರು ಮಾಡಿದವರಲ್ಲ. ಆರು ವರ್ಷದ ಹುಡುಗನಿಗೆ ಅದು ಗೊತ್ತೂ ಇರಲಿಲ್ಲ. ಅವರು ಹುಟ್ಟಿದ್ದು 1959ರಲ್ಲೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ನಾನು ದಾಖಲೆಯ ಪರವಾಗಿಯೇ ಹೇಳಿದೆ. ಪಂದ್ಯದ ಸಮಿತಿ ಹುಟ್ಟಿದ ಗಳಿಗೆಯನ್ನು ಶೋಧಿಸುವ ಪೀಠವಲ್ಲ. ಯಾವ ದಿನಾಂಕವನ್ನು ತನ್ನದೆಂದು ಸಹಿ ಮಾಡಿ ಸಂಬಳವನ್ನೂ ಪಿಂಚಣಿಯನ್ನೂ ಪಡೆದರೋ ಅದನ್ನು ಆಟದ ದಿನ ಮಾತ್ರ ಬದಿಗಿಡಲಾಗದು. ಕೊಳ್ಳುವಾಗ ಒಂದು ತೂಕದ ಕಲ್ಲು, ಕೊಡುವಾಗ ಇನ್ನೊಂದು ಇಟ್ಟುಕೊಂಡ ವರ್ತಕನನ್ನು ಅಸ್ತೇಯದ ಅತಿಚಾರಗಳಲ್ಲಿ ಹೇಳಿದೆ; ಎರಡರಲ್ಲಿ ಒಂದು ಕಲ್ಲು ಸರಿಯಾಗಿಯೇ ಇದ್ದೀತು, ದೋಷವಿರುವುದು ಎರಡನ್ನೂ ಇಟ್ಟುಕೊಳ್ಳುವುದರಲ್ಲಿ. ನೌಕರರು ದಿನಾಂಕ ತಿದ್ದಿಸಿಕೊಳ್ಳಲು 1974ರ ರಾಜ್ಯ ಕಾಯ್ದೆಯೇ ಸೇವೆಯ ಆರಂಭದಲ್ಲಿ ಮೂರು ವರ್ಷಗಳ ಅವಕಾಶ ಕೊಟ್ಟಿತ್ತು. ಆಗ ಅವರು ತಿದ್ದಿಸಿರಲಿಲ್ಲ.

ಸ್ನೇಹಿತರು 50 ಮೀರಿದವರ ವಿಭಾಗದಲ್ಲಿ ಆಡಿದರು. ತಮಗಿಂತ ಹದಿಮೂರು ವರ್ಷ ಚಿಕ್ಕವರೊಬ್ಬರ ಎದುರು ಎರಡನೆಯ ಸುತ್ತಿನಲ್ಲಿ ಸೋತರು. ಕೆಲವು ದಿನ ನಮ್ಮ ಅಂಗಡಿಯ ಕಡೆ ಬರಲಿಲ್ಲ. ಈಗ ಬರುತ್ತಾರೆ, ಆ ವಿಷಯವನ್ನು ಎತ್ತುವುದಿಲ್ಲ.

ಅದೇ ಪಂದ್ಯಕ್ಕೆ ಹೊಸದುರ್ಗದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಮಗನ ಅಂಗಡಿಯ ಹಿಂಬದಿಯಲ್ಲಿದ್ದ ಮೇಜಿನಲ್ಲಿ ಆಟ ಕಲಿತವರು, ಶಾಲೆಯ ಮುಖ ನೋಡಿದವರಲ್ಲ. ಆಧಾರ್ ಚೀಟಿಯಲ್ಲಿ ಅವರ ಜನ್ಮದಿನ ಜನವರಿ 1. ಅದೂ ಯಾರೋ ಕೇಳಿ ತುಂಬಿದ್ದು. ವಯಸ್ಸಿಗೆ ಆಧಾರ್ ಪ್ರಮಾಣವಲ್ಲವೆಂದು, ಶಾಲೆಯ ದಾಖಲೆಯೇ ಮೇಲೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಶಾಲೆಯೇ ಇಲ್ಲದವರು ಏನು ತರಬೇಕು? ನಮ್ಮ ಹಿರಿಯರು ಮಾರಿಕಣಿವೆ ಕೋಡಿ ಬಿದ್ದ ವರ್ಷದಿಂದ ವಯಸ್ಸನ್ನು ಎಣಿಸುತ್ತಿದ್ದರು. ಆದರೆ ಆ ಕೆರೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಹುಟ್ಟಿದವರಿಗೆ ಆ ಗುರುತೂ ಇಲ್ಲ. ಊರಿನಲ್ಲಿ ಅವರಿಗಿಂತ ಹಿರಿಯರಾದ ಇಬ್ಬರ ಹೇಳಿಕೆಯನ್ನು ಬರೆಸಿಕೊಂಡು ಸಮಿತಿಯು ಅವರನ್ನು 65ರ ವಿಭಾಗಕ್ಕೆ ಸೇರಿಸಿಕೊಂಡಿತು. ಹೇಳಿಕೆಗೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬರಿಗೆ ತಮ್ಮ ವಯಸ್ಸು ಎಷ್ಟೆಂದು ಬರೆಯಬೇಕಾಗಿ ಬಂದಾಗ ಅವರು ಬಹಳ ಹೊತ್ತು ಯೋಚಿಸಿದರು. ಆ ಅಂಕಣವನ್ನು ನಾವು ಖಾಲಿ ಬಿಟ್ಟೆವು.