ಹಳೇ ಸ್ಕ್ರಿಪ್ಟುಗಳ ಗಂಟು

ನಮ್ಮ ಲ್ಯಾಬ್ ಸರ್ವರ್‌ನಲ್ಲಿ 'ಟೂಲ್ಸ್' ಅಂತ ಒಂದು ಫೋಲ್ಡರ್ ಇದೆ. ಪ್ರತಿ ವರ್ಷ ಪಾಸಾಗಿ ಹೋಗುವ ಸೀನಿಯರ್‌ಗಳು ತಮ್ಮ ಶೆಲ್ ಸ್ಕ್ರಿಪ್ಟುಗಳನ್ನು ಅದರೊಳಗೆ ಬಿಟ್ಟು ಹೋಗಿದ್ದಾರೆ, ಅಟ್ಟದ ಮೇಲಿನ ಟ್ರಂಕಿಗೆ ಹಾಕಿದ ಹಾಗೆ. ಫೋಲ್ಡರಿನೊಳಗೆ 'ನ್ಯೂ', ಅದರೊಳಗೆ 'ನ್ಯೂ ಫೈನಲ್'. ಈ ಸೆಮ್‌ನಲ್ಲಿ ಸರ್ವರ್‌ನ ಒಂದು ಹಳೇ ಡಿಸ್ಕ್ ತೆಗೆಯುವುದಿತ್ತು. ಅದಕ್ಕೆ ಮುಂಚೆ ಇವನ್ನೆಲ್ಲ ಒಂದ್ಸಲ ನೋಡಿ ಅಂತ ಸರ್ ನಾವು ನಾಲ್ಕು ಜನಕ್ಕೆ ಹೇಳಿದರು.

ಒಂದೊಂದೇ ಓದ್ತಾ ಕೂತರೆ ಇಂಟರ್ನಲ್ಸ್ ಬಂದುಬಿಡುತ್ತೆ. ಅದಕ್ಕೆ ಶೆಲ್‌ಚೆಕ್ ಹಾಕಿದ್ವಿ. ಇದು ವಿಡಾರ್ ಹೋಲೆನ್ ಎಂಬುವರು ಹ್ಯಾಸ್ಕೆಲ್‌ನಲ್ಲಿ ಬರೆದ ಲಿಂಟರ್. ಸ್ಕ್ರಿಪ್ಟನ್ನು ಓಡಿಸುವುದಿಲ್ಲ, ಬರೀ ಓದಿ ಅನುಮಾನ ಬಂದ ಕಡೆ ಬೆರಳು ತೋರಿಸುತ್ತೆ. (ಲಿಂಟ್ ಅಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರು. ನಮಗೆ ಈ ಹೆಸರು ತುಂಬಾ ಇಷ್ಟವಾಯ್ತು.)

ಆದರೆ ಫೋಲ್ಡರ್ ಕೊಟ್ಟರೆ ಶೆಲ್‌ಚೆಕ್ ತಾನಾಗಿ ಒಳಗಿಳಿಯಲ್ಲ, ಫೈಲುಗಳ ಹೆಸರನ್ನೇ ಕೊಡಬೇಕು. ಹುಡುಕಿ ಕೊಡುವ ಕೆಲಸ ಫೈಂಡ್‌ನದು. ಡಾಟ್ ಎಸ್‌ಎಚ್ ಅಂತ ಮುಗಿಯುವ ಫೈಲು 61 ಸಿಕ್ಕವು. ಇಷ್ಟೇನಾ? ಕೆಲವರು ಎಕ್ಸ್‌ಟೆನ್ಷನ್ನೇ ಇಟ್ಟಿರಲಿಲ್ಲ. ಮೊದಲ ಸಾಲಿನ ಶಬ್ಯಾಂಗ್ ಹುಡುಕಿದಾಗ ಇನ್ನೂ 9 ಹೊರಬಂದವು. ಮುಂದೆ ಮಾಡುವವರಿಗೆ ಒಂದು ಮಾತು: ಫೈಂಡ್‌ನ ಎಕ್ಸೆಕ್ ಕೊನೆಗೆ ಸೆಮಿಕೋಲನ್ ಹಾಕಿದರೆ ಶೆಲ್‌ಚೆಕ್ ಎಷ್ಟೇ ಕೂಗಿದರೂ ಫೈಂಡ್ ಮಾತ್ರ ಸೊನ್ನೆ, ಅಂದರೆ 'ಎಲ್ಲ ಸರಿ', ಅಂತಲೇ ಮುಗಿಯುತ್ತೆ. ಪ್ಲಸ್ ಹಾಕಿದರೆ ಫೇಲ್ ಆಗಿದ್ದು ಗೊತ್ತಾಗುತ್ತೆ.

ಸ್ಕ್ರೀನ್ ತುಂಬಾ ಎಸ್‌ಸಿ2086. ವೇರಿಯಬಲ್‌ಗೆ ಡಬಲ್ ಕೋಟ್ಸ್ ಹಾಕಿಲ್ಲ ಅನ್ನುವ ದೂರು. ಕೋಟ್ಸ್ ಇಲ್ಲದಿದ್ದರೆ 'ನ್ಯೂ ಫೈನಲ್' ಶೆಲ್‌ಗೆ ಎರಡು ಬೇರೆ ಹೆಸರುಗಳಾಗುತ್ತೆ. ನೂರಾರು ಸಲ ಅದೇ ರಾಗ. ಕೊನೆಗೆ ಆ ನಂಬರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮತ್ತೆ ಓಡಿಸಿದ್ವಿ. ಆಗ ಕಾಣಿಸಿದ್ದು ಎಸ್‌ಸಿ2164, ಒಂದೇ ಒಂದು ಫೈಲಿನಲ್ಲಿ.

ಎರಡೇ ಸಾಲಿನ ಸ್ಕ್ರಿಪ್ಟು. ಒಂದನೇ ಸಾಲು ಸಿಡಿ: ಹಳೇ ಡಿಸ್ಕಿನ ಟೆಂಪ್ ಫೋಲ್ಡರಿಗೆ ಹೋಗು. ಎರಡನೇ ಸಾಲು: ಅಲ್ಲಿರುವುದನ್ನೆಲ್ಲ ಅಳಿಸು. ಕ್ರಾನ್ ಇದನ್ನು ದಿನಾ ರಾತ್ರಿ ಓಡಿಸುತ್ತಿತ್ತು. ಸಿಡಿ ಫೇಲ್ ಆದರೆ ಬ್ಯಾಶ್ ನಿಲ್ಲಲ್ಲ; ಒಂದು ಎರರ್ ಗೊಣಗಿ ಮುಂದಿನ ಸಾಲಿಗೆ ಹೋಗುತ್ತೆ, ನಿಂತಲ್ಲೇ ಅಳಿಸುತ್ತೆ. ಕ್ರಾನ್ ನಿಂತಿರುವುದೋ, ಯೂಸರ್‌ನ ಹೋಮ್ ಫೋಲ್ಡರಿನಲ್ಲಿ. ಆ ಹೋಮ್‌ನಲ್ಲಿ ಇದ್ದಿದ್ದು ಫೈನಲ್ ಇಯರ್‌ನವರ ಪ್ರಾಜೆಕ್ಟ್ ರಿಪೋರ್ಟುಗಳು. ಡಿಸ್ಕ್ ಇರುವ ತನಕ ಸಿಡಿ ಒಮ್ಮೆಯೂ ತಪ್ಪಿರಲಿಲ್ಲ. ಆ ಡಿಸ್ಕನ್ನು ತೆಗೆಯುವುದು ಶನಿವಾರ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬರೆದ ಅಣ್ಣನನ್ನು ಬೈಯೋಕೂ ಮನಸ್ಸಾಗಲಿಲ್ಲ, ಅವರ ಕಾಲಕ್ಕೆ ಅದು ಸರಿಯಾಗೇ ಓಡಿತ್ತು. 2015ರಲ್ಲಿ ಲಿನಕ್ಸ್‌ನ ಸ್ಟೀಮ್ ಸ್ಕ್ರಿಪ್ಟು ಖಾಲಿ ವೇರಿಯಬಲ್‌ನಿಂದಾಗಿ ಹೀಗೇ ಬಳಕೆದಾರರ ಫೈಲುಗಳನ್ನು ಅಳಿಸಿತ್ತು. ಅಳಿಸುವ ಸಾಲಿನ ಮೇಲೆ ಬರೆದವರೇ 'ಸ್ಕೇರಿ' ಅಂತ ಕಾಮೆಂಟ್ ಹಾಕಿದ್ದರು! ನಮ್ಮ ಅಣ್ಣ ಅದನ್ನೂ ಹಾಕಿರಲಿಲ್ಲ.

ಸಿಡಿಯ ಪಕ್ಕ 'ಆಗದಿದ್ದರೆ ಎಕ್ಸಿಟ್' ಸೇರಿಸಿದ್ವಿ. ಶನಿವಾರ ಡಿಸ್ಕ್ ತೆಗೆದರು. ಭಾನುವಾರ ಬೆಳಿಗ್ಗೆ ಕ್ರಾನ್‌ನ ಮೇಲ್ ಬಂದಿತ್ತು, 'ಅಂಥ ಫೋಲ್ಡರ್ ಇಲ್ಲ' ಅಂತ. ರಿಪೋರ್ಟುಗಳನ್ನು ಎಣಿಸಿದ್ವಿ, ಅಷ್ಟೂ ಇದ್ದವು. ಎಸ್‌ಸಿ2086 ಮಾತ್ರ ಇನ್ನೂ ಅರ್ಧ ಬಾಕಿ, 'ನ್ಯೂ ಫೈನಲ್' ಒಂದನ್ನು ಯಾರೂ ಮುಟ್ಟಿಲ್ಲ.